ಬಾಗಿಲು ತೆರೆಯುವ ಮುನ್ನ ಸಾರಬೇಕಾದ ಡಂಗುರ



ಅಂಕೋಲೆಯಲ್ಲಿ ನನ್ನ ಬಳಿ ಕಲಿತು, ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದವನು ಕಾರವಾರದ ನಮ್ಮ ಮನೆಗೂ ಬಂದಿದ್ದ. ಮಾತಿನ ನಡುವೆ, "ಸರ್, ಅಂತರಜಾಲದ ವಿಳಾಸದ ಕೊನೆಯಲ್ಲಿ ಡಾಟ್ ಕಾಮ್, ಡಾಟ್ ಆರ್ಗ್ ಎಂದಿರುತ್ತದಲ್ಲ, ಅಂಥ ಹೊಸ ಕೊನೆಗಳಿಗೆ 2012ರಲ್ಲೇ ಅರ್ಜಿ ಕರೆದಿದ್ದರಂತೆ. ನಮಗೆ ಯಾರೂ ಹೇಳಲೇ ಇಲ್ಲ" ಎಂದ.

"ಯಾರೂ ಹೇಳಲೇ ಇಲ್ಲ" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಂತರಜಾಲದ ವಿಷಯದಲ್ಲಲ್ಲ. 1980ರ ದಶಕದ ಕೊನೆಯ ಒಂದು ಸಂಜೆ ಶಿಷ್ಯನೊಬ್ಬನ ತಂದೆ ಮಡಿಸಿದ ಕಾಗದವೊಂದನ್ನು ಹಿಡಿದು ಬಂದರು. "ಮಾಸ್ತರ್ರೆ, ಇದರಲ್ಲಿ ಎಂತ ಬರೆದಿದ್ದಾರೆ, ಒಮ್ಮೆ ಓದಿ ಹೇಳಿ" ಎಂದರು. ಸರ್ಕಾರಿ ಕೆಲಸವೊಂದಕ್ಕೆ ಹೋದ ಅವರ ಜಮೀನಿನ ಪರಿಹಾರದ ನೋಟೀಸು ಅದು. ಪರಿಹಾರ ಸಾಲದೆಂದು ಕಂಡರೆ ಗೊತ್ತಾದ ಅವಧಿಯೊಳಗೆ ಲಿಖಿತ ಅರ್ಜಿ ಕೊಟ್ಟು, ಪ್ರಕರಣವನ್ನು ನ್ಯಾಯಾಲಯಕ್ಕೆ ಕಳುಹಿಸುವಂತೆ ಕೇಳುವ ಹಕ್ಕು 1894ರ ಭೂಸ್ವಾಧೀನ ಕಾನೂನಿನ 18ನೆಯ ಕಲಮಿನಲ್ಲಿತ್ತು. ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಅವಧಿ ಮಾತ್ರ ಮುಗಿದುಹೋಗಿತ್ತು. ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ನೋಟೀಸು ಕೈಸೇರಿತ್ತು, ಅದರ ಅರ್ಥ ಕೈಸೇರಿರಲಿಲ್ಲ. ಪಕ್ಕದ ಜಮೀನಿನವರು ನ್ಯಾಯಾಲಯದಲ್ಲಿ ಹೆಚ್ಚಿನ ಪರಿಹಾರ ಪಡೆದರೆ, ಅರ್ಜಿ ಹಾಕದವರೂ ಮೂರು ತಿಂಗಳೊಳಗೆ ಅದೇ ದರವನ್ನು ಕೇಳಬಹುದೆಂದು 1984ರ ತಿದ್ದುಪಡಿಯು 28-ಎ ಎಂಬ ಕಲಮನ್ನು ಸೇರಿಸಿತ್ತು. ಆದರೆ ಅಂಥದೊಂದು ಕಲಮಿದೆಯೆಂಬುದನ್ನೂ ಯಾರಾದರೂ ಹೇಳಬೇಕಿತ್ತಷ್ಟೆ!

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅಂತರಜಾಲದ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವುದು 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಐಕ್ಯಾನ್ ಎಂಬ ಸಂಸ್ಥೆ. 2011ರವರೆಗೆ ಡಾಟ್ ಕಾಮ್‌ನಂಥ ಸಾಮಾನ್ಯ ಕೊನೆಗಳು ಇದ್ದದ್ದು ಕೇವಲ 22. ಆ ವರ್ಷದ ಜೂನ್ 20ರಂದು ಸಿಂಗಪುರದಲ್ಲಿ ಸೇರಿದ ಐಕ್ಯಾನಿನ ಮಂಡಳಿಯು ಯಾವ ಸಂಸ್ಥೆಯಾದರೂ ತನ್ನದೇ ಹೊಸ ಕೊನೆಗಾಗಿ ಅರ್ಜಿ ಹಾಕಬಹುದೆಂದು ತೀರ್ಮಾನಿಸಿತು. ಅದೂ ಯಾವ ಲಿಪಿಯಲ್ಲಾದರೂ ಸರಿ. ಅರ್ಜಿ ತೆರೆಯುವ ಮುನ್ನ ಕನಿಷ್ಠ ನಾಲ್ಕು ತಿಂಗಳು ಜಗತ್ತಿನೆಲ್ಲೆಡೆ ಪ್ರಚಾರ ನಡೆಯಬೇಕೆಂಬುದು ಯೋಜನೆಯ ಭಾಗವೇ ಆಗಿತ್ತು. ವಾಸ್ತವದಲ್ಲಿ ಸುಮಾರು ಏಳು ತಿಂಗಳು ದೊರೆತವು. 2012ರ ಜನವರಿ 12ರಂದು ಅರ್ಜಿಗಳ ಬಾಗಿಲು ತೆರೆಯಿತು. ಒಂದು ಅರ್ಜಿಯ ಶುಲ್ಕ 1,85,000 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 90 ಲಕ್ಷ ರೂಪಾಯಿ.

ಜೂನ್ 13, 2012ರಂದು ಫಲಿತಾಂಶ ಹೊರಬಿತ್ತು. ಒಟ್ಟು 1,930 ಅರ್ಜಿಗಳು. ಉತ್ತರ ಅಮೆರಿಕದಿಂದ 911, ಯುರೋಪಿನಿಂದ 675, ಏಷ್ಯಾ ಮತ್ತು ಶಾಂತಸಾಗರದ ದೇಶಗಳಿಂದ 303, ಲ್ಯಾಟಿನ್ ಅಮೆರಿಕದಿಂದ 24. ಆಫ್ರಿಕಾ ಖಂಡದಿಂದ ಬಂದದ್ದು ಬರಿಯ 17. ಆ ಸುತ್ತಿನಿಂದ 1,200ಕ್ಕೂ ಹೆಚ್ಚು ಹೊಸ ಕೊನೆಗಳು ಅಂತರಜಾಲಕ್ಕೆ ಸೇರಿದವು. ಅವುಗಳಲ್ಲಿ ಕನ್ನಡ ಲಿಪಿಯದು ಒಂದೂ ಇಲ್ಲ.

ಶುಲ್ಕ ದುಬಾರಿಯಾಗಿದ್ದುದೇ ಕಾರಣವೆಂದು ನೀವು ಹೇಳಬಹುದು. ಅದು ದೊಡ್ಡ ಕಾರಣವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬಡ ದೇಶಗಳ ಅರ್ಜಿದಾರರಿಗೆ ಶುಲ್ಕವನ್ನು 47,000 ಡಾಲರಿಗೆ ಇಳಿಸುವ ನೆರವಿನ ಯೋಜನೆಯೊಂದಿತ್ತು. ಅದಕ್ಕೆ ಜಗತ್ತಿನಾದ್ಯಂತದಿಂದ ಬಂದ ಅರ್ಜಿಗಳು ಮೂರು! ಅರ್ಹವೆನಿಸಿದ್ದು ಒಂದು. ಏಕೆಂದರೆ, ಆ ನೆರವಿಗೆ ಮಂಡಳಿ ಒಪ್ಪಿದ್ದು 2011ರ ಡಿಸೆಂಬರಿನಲ್ಲಿ, ಬಾಗಿಲು ತೆರೆಯಲು ಐದೇ ವಾರ ಉಳಿದಿದ್ದಾಗ. ಉಳ್ಳವರಿಗೆ ಏಳು ತಿಂಗಳ ಮುನ್ಸೂಚನೆ, ಇಲ್ಲದವರಿಗೆ ಐದು ವಾರ. ನೂರಾರು ಪುಟಗಳ ಮಾರ್ಗದರ್ಶಿ ಪುಸ್ತಕ ವಿಶ್ವಸಂಸ್ಥೆಯ ಆರು ಭಾಷೆಗಳಲ್ಲಿ ದೊರೆಯುತ್ತಿತ್ತು. ಭಾರತದ ಯಾವ ದೇಶಭಾಷೆಯೂ ಆ ಆರರಲ್ಲಿಲ್ಲ. ಪ್ರಚಾರ ನಡೆಯಲಿಲ್ಲವೆಂದಲ್ಲ. ಆದರೆ ಈಗಾಗಲೇ ಅಂತರಜಾಲದ ವ್ಯಾಪಾರ ಬಲ್ಲವರ ಕಿವಿಗೆ ಬಿದ್ದ ಡಂಗುರ ಉಳಿದವರ ಓಣಿಗೆ ಬರಲಿಲ್ಲ.

ಸಾರುವುದನ್ನು ಹೇಗೆ ಯೋಜಿಸಬೇಕೆಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದಾಗ ಸಾವಿರಾರು ಜನ ನೆರೆದಿದ್ದರೆಂಬುದನ್ನು ತರಗತಿಯಲ್ಲಿ ನಿಮಗೆ ಎಷ್ಟು ಸಲ ಹೇಳಿದ್ದೇನೆ! ಆ ಜನ ಅಂದು ಬೆಳಿಗ್ಗೆ ಆಕಸ್ಮಿಕವಾಗಿ ಕೂಡಿದವರಲ್ಲ. ಗಾಂಧೀಜಿಯವರು ಮಾರ್ಚ್ 2ರಂದೇ ವೈಸರಾಯರಿಗೆ ಪತ್ರ ಬರೆದು ಉದ್ದೇಶವನ್ನು ತಿಳಿಸಿದರು. ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು 24 ದಿನ ನಡೆದರು. ರೈಲಿನಲ್ಲಿ ಹೋಗಿದ್ದರೆ ದಾಂಡಿಯ ಸಮೀಪಕ್ಕೆ ಒಂದು ದಿನದಲ್ಲಿ ತಲುಪಬಹುದಿತ್ತು. ಆದರೆ ಆ ನಡಿಗೆಯೇ ಪ್ರಚಾರವಾಗಿತ್ತು. ಹಳ್ಳಿ ಹಳ್ಳಿಯಲ್ಲಿ ನಿಂತು, ಅಲ್ಲಿನ ಜನರ ಗುಜರಾತಿಯಲ್ಲಿ ಮಾತನಾಡಿ, ಮುಂದೇನು ನಡೆಯಲಿದೆ, ಅದರಿಂದ ಏನು ಕಷ್ಟ ಬರಬಹುದು ಎಂಬುದನ್ನು ಮೊದಲೇ ತಿಳಿಸಿದರು. ನಮ್ಮಲ್ಲಿ ಆ ಕೆಲಸವನ್ನು ಕರ್ನಾಟಕದ ಕಾರ್ಯಕರ್ತರು ಕನ್ನಡದಲ್ಲಿ ಮಾಡಿದರು. ಉಪ್ಪೆಂದರೇನೆಂದು ಯಾರಿಗೂ ವಿವರಿಸಬೇಕಿರಲಿಲ್ಲ. ಹಾಗಿದ್ದೂ ಅಷ್ಟು ಸಿದ್ಧತೆ! ಡೊಮೇನ್ ಎಂದರೇನೆಂಬುದನ್ನೇ ಮೊದಲು ವಿವರಿಸಬೇಕಾದಲ್ಲಿ ಎಷ್ಟು ಸಿದ್ಧತೆ ಬೇಕೆಂದು ನೀವೇ ಊಹಿಸಿ.

ಐಕ್ಯಾನ್ ಸಂಸ್ಥೆಯು ತಪ್ಪಿನಿಂದ ಪಾಠ ಕಲಿಯಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಎರಡನೆಯ ಸುತ್ತಿಗೆ 2026ರ ಏಪ್ರಿಲ್ 30ರಿಂದ ಆಗಸ್ಟ್ 12ರವರೆಗಿನ ಅವಧಿಯನ್ನು ಗೊತ್ತುಮಾಡಲಾಯಿತು. ಶುಲ್ಕ 2,27,000 ಡಾಲರಿಗೆ, ಎಂದರೆ ಸುಮಾರು ಎರಡು ಕೋಟಿ ರೂಪಾಯಿಗೆ ಏರಿತು. ಆದರೆ ಈ ಸಲ ನೆರವಿನ ಬಾಗಿಲನ್ನು 2024ರ ನವೆಂಬರ್ 19ರಂದೇ, ಒಂದೂವರೆ ವರ್ಷ ಮೊದಲೇ ತೆರೆದರು. ಅರ್ಹರಿಗೆ ಶುಲ್ಕದಲ್ಲಿ ನೂರಕ್ಕೆ 75ರಿಂದ 85ರಷ್ಟು ರಿಯಾಯಿತಿ. ಮೊದಲು ನೆರವು, ಅನಂತರ ಅರ್ಜಿ. ಇದೇ ಸರಿಯಾದ ಕ್ರಮ.

ನಮ್ಮ ಲಿಪಿಯೂ ಈ ನಡುವೆ ಸಿದ್ಧವಾಗಿದೆ. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗಾಗಿ ರಚಿಸಿದ ತಜ್ಞರ ಸಮಿತಿಯೊಂದು, ವಿಳಾಸದ ಕೊನೆಯಲ್ಲಿ ಯಾವ ಅಕ್ಷರಗಳು ಹೇಗೆ ಬರಬಹುದೆಂಬ ನಿಯಮಗಳನ್ನು ರೂಪಿಸಿತು. ಕನ್ನಡದ ನಿಯಮಗಳು 2019ರಲ್ಲಿ ಜಾಗತಿಕ ನಿಯಮಾವಳಿಗೆ ಸೇರಿದವು. ಕನ್ನಡ ಮತ್ತು ತೆಲುಗಿನ ಕೆಲವು ಅಕ್ಷರಗಳು ಒಂದೇ ರೀತಿ ಕಾಣುವುದರಿಂದ, ಆ ಹೋಲಿಕೆಯನ್ನು ಬಳಸಿ ಯಾರೂ ಮೋಸ ಮಾಡದಂತೆ ಅಲ್ಲಿ ವ್ಯವಸ್ಥೆಯಿದೆ. ದೇಶದ ಮಟ್ಟದಲ್ಲಿ 2014ರ ಆಗಸ್ಟಿನಲ್ಲಿ ದೇವನಾಗರಿಯ 'ಡಾಟ್ ಭಾರತ' ಆರಂಭವಾಯಿತು. ಹಿಂದಿ, ಮರಾಠಿಗಳ ಜೊತೆಗೆ ನಮ್ಮ ಕರಾವಳಿಯ ಕೊಂಕಣಿಗೂ ಅದು ಒದಗಿತು. ಆಮೇಲೆ ಕನ್ನಡ ಲಿಪಿಯ 'ಡಾಟ್ ಭಾರತ' ಬಂದಿತು. ಅದರಡಿಯಲ್ಲಿ ಹೆಸರು ಪಡೆಯಲು ಕೋಟಿ ಬೇಡ, ಡಾಲರೂ ಬೇಡ. ಆದರೂ ನಮ್ಮ ಎಷ್ಟು ಜನರಿಗೆ ಇದು ಗೊತ್ತು? ನನಗೂ ಗೊತ್ತಿರಲಿಲ್ಲ, ಆ ವಿದ್ಯಾರ್ಥಿ ಬಂದುಹೋದ ಮೇಲೆ ಹುಡುಕಿ ತಿಳಿದುಕೊಂಡೆ.

ಇಷ್ಟನ್ನು ಓದಿದ ಮೇಲೆ ನನಗೆ ಹೊಳೆದದ್ದು ಇದು. ಎಲ್ಲರಿಗೂ ತೆರೆದ ಬಾಗಿಲು ಎಂದು ಬರೆದ ಮಾತ್ರಕ್ಕೆ ಅದು ಎಲ್ಲರಿಗೂ ತೆರೆದಂತಾಗುವುದಿಲ್ಲ. ಅರ್ಜಿ ಕರೆಯುವವರು ಎಷ್ಟು ತಿಂಗಳು ಪ್ರಚಾರ ಮಾಡಿದೆವೆಂದು ಲೆಕ್ಕ ಕೊಡುತ್ತಾರೆ. ಕೇಳಬೇಕಾದ ಲೆಕ್ಕ ಬೇರೆ: ಸುದ್ದಿ ಯಾರ ಭಾಷೆಯಲ್ಲಿ ಹೋಯಿತು, ಸಿದ್ಧತೆಗೆ ಎಷ್ಟು ಕಾಲ ಉಳಿದಾಗ ಹೋಯಿತು, ಅರ್ಥವಾಗದವನು ತಿರುಗಿ ಕೇಳಲು ಊರಿನಲ್ಲಿ ಯಾರಿದ್ದರು? ಯಾರಿಗೆ ಇದು ಬೇಕಿಲ್ಲ ಎಂಬುದನ್ನೂ ಹೇಳುವ ಪ್ರಚಾರವೇ ಪ್ರಾಮಾಣಿಕವಾದದ್ದು. ಊರ ಸಂಘಕ್ಕೋ ಅಂಗಡಿಗೋ ಒಂದು ಹೆಸರು ಸಾಕು. ಎರಡು ಕೋಟಿಯ ಕೊನೆ ಬೇಕಿಲ್ಲ. ಹಾಗೆಂದು ಮೊದಲೇ ತಿಳಿಸದಿದ್ದರೆ, ನಡುವಿನ ದಲ್ಲಾಳಿಗಳು ಬೇರೇನನ್ನೋ ಹೇಳಿ ಹಣ ಕೀಳುತ್ತಾರೆ.

ಆ ಸಂಜೆ ಕಾಗದ ಓದಿ ಹೇಳಿದ ಮೇಲೆ ಶಿಷ್ಯನ ತಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕೊನೆಗೆ, "ಬಂದ ದಿವಸವೇ ನಿಮ್ಮ ಹತ್ತಿರ ತರಬೇಕಿತ್ತು ಮಾಸ್ತರ್ರೆ" ಎಂದು ತಪ್ಪನ್ನೆಲ್ಲ ತಮ್ಮ ಮೇಲೆಯೇ ಹಾಕಿಕೊಂಡು ಎದ್ದು ಹೋದರು. ಅದು ಅವರ ತಪ್ಪಲ್ಲವೆಂದು ನಾನು ಅಂದು ಹೇಳಲಿಲ್ಲ. ಇಂದು ಹೇಳುತ್ತಿದ್ದೇನೆ. ಓದು ಬಲ್ಲ ನೀವು, ಇಂಥ ಸುದ್ದಿ ಕೈಗೆ ಬಂದ ದಿನವೇ ನಾಲ್ಕು ಮನೆಗೆ ಓದಿ ಹೇಳಿ.