ನೀರು ಬಂದ ಕೋಟೆ

ಊರೂರಿಗೆ ನಲ್ಲಿ ನೀರು ತಲುಪಿಸುವುದೇ ನನ್ನ ಮೂವತ್ತು ವರ್ಷದ ನೌಕರಿಯಾಗಿತ್ತು. ಅದಕ್ಕೇ ಇರಬೇಕು, ಜೈಸಲ್ಮೇರ್ ಕೋಟೆಯೊಳಗೆ ಜೊತೆಯವರೆಲ್ಲ ತಲೆಯೆತ್ತಿ ಕೆತ್ತನೆ ನೋಡುತ್ತಿದ್ದರೆ ನನ್ನ ಕಣ್ಣು ಗೋಡೆಯ ಬುಡಕ್ಕೆ ಹೋಯಿತು. ಒಂದು ಓಣಿಯಲ್ಲಿ ಮೊಣಕಾಲೆತ್ತರಕ್ಕೆ ತೇವ ಏರಿತ್ತು. ಬೆರಳಾಡಿಸಿದೆ. ಅರಿಶಿನ ಬಣ್ಣದ ಕಲ್ಲು ಹಪ್ಪಳದ ಹಾಗೆ ಪದರು ಬಿಟ್ಟು ಅಂಗೈಗೆ ಪುಡಿಯಾಗಿ ಉದುರಿತು.

ಭಾಟಿ ರಜಪೂತರ ರಾವಲ್ ಜೈಸಲ್ 1156ರಲ್ಲಿ ಹಳೆಯ ರಾಜಧಾನಿ ಲೋದ್ರವಾ ಬಿಟ್ಟು, ಕೋಟೆಯಿರುವ ಈ ಗುಡ್ಡದ ಮೇಲೆ ಹೊಸ ರಾಜಧಾನಿ ಕಟ್ಟಿದ. ಸಿಂಧ್ ಕಡೆಗೆ ಸಾಗುವ ಒಂಟೆ ಸಾಲುಗಳ ಸುಂಕ ಊರನ್ನು ಸಾಕಿತು. ಮುತ್ತಿಗೆಯನ್ನೂ, ಸೋಲು ಖಚಿತವಾದಾಗ ಹೆಂಗಸರು ಬೆಂಕಿಗೆ ಹಾರುವ ಜೌಹರನ್ನೂ ಕಂಡ ರಾಜ್ಯ 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, 1949ರಲ್ಲಿ ರಾಜಸ್ಥಾನಕ್ಕೆ ಸೇರಿತು.

ಆದರೆ ಈ ಊರಿನ ನಿಜವಾದ ಚರಿತ್ರೆ ನೀರಿನದು. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆಯ ಸೀಮೆ. 14ನೇ ಶತಮಾನದಲ್ಲಿ ಮಹಾರಾವಲ್ ಗಡ್ಸಿ ಕಟ್ಟಿಸಿದ ಗಡೀಸರ್ ಕೆರೆಯೇ 1960ರ ದಶಕದವರೆಗೂ ಊರಿನ ಬಾಯಾರಿಕೆ ತಣಿಸಿತು. ನಮ್ಮ ಕಡೆ ಕೆರೆ ಕಾಯುವುದೆಂದರೆ ಏರಿ, ತೂಬು, ಕೋಡಿ ಕಾಯುವುದು. ಅಲ್ಲಿನವರು ಮೊದಲು ಕಾಯುತ್ತಿದ್ದುದು ಆಗೋರನ್ನು, ಅಂದರೆ ಮಳೆನೀರು ಹರಿದು ಬರುವ ನೆಲವನ್ನು. ಆ ನೆಲದಲ್ಲಿ ಚಪ್ಪಲಿ ಮೆಟ್ಟುವಂತಿರಲಿಲ್ಲ, ಹೊಲಸು ಮಾಡುವಂತಿರಲಿಲ್ಲ. ನನ್ನ ಕಸುಬಿನ ಪುಸ್ತಕಗಳಲ್ಲಿ ಇಷ್ಟು ಚೊಕ್ಕಟವಾದ ಪಾಠ ನಾನು ಓದಿಲ್ಲ.

ಮನೆಗಳನ್ನೂ ಒಣ ಸೀಮೆಗೆ ತಕ್ಕ ಹಾಗೆಯೇ ಕಟ್ಟಿದರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿದ ಗೋಡೆ. ತೊಲೆಗಳ ಮೇಲೆ ದಪ್ಪಗೆ ಮಣ್ಣು ಮೆತ್ತಿದ ಮಾಳಿಗೆ. ಇವೆಲ್ಲ ನಿಂತಿರುವ ಗುಡ್ಡದ ಮರಳುಗಲ್ಲಿನ ಅಡಿಯಲ್ಲಿ ಮೆದುವಾದ ಜೇಡಿ ಪದರಗಳಿವೆ. ಕೊಡದಲ್ಲಿ ನೀರು ಹತ್ತುತ್ತಿದ್ದಷ್ಟು ಕಾಲ ಇದ್ಯಾವುದಕ್ಕೂ ಕೇಡು ತಟ್ಟಲಿಲ್ಲ. ಆಮೇಲೆ ಕೊಳವೆಯಲ್ಲಿ ನೀರು ಬಂತು, ಪ್ರವಾಸಿಗರು ಬಂದರು, ವಸತಿಗೃಹಗಳಲ್ಲಿ ಶವರ್ ಬಂತು. ಬಳಸಿದ ನೀರು ಹೊರಗೆ ಹೋಗಲು ತಕ್ಕ ದಾರಿ ಇರಲಿಲ್ಲ. ಅದು ಗುಡ್ಡದೊಳಕ್ಕೇ ಇಳಿದು ಜೇಡಿಯನ್ನು ನೆನೆಸಿತು. 1990ರ ದಶಕದ ಕೊನೆಯಲ್ಲಿ ಕೆಲವು ಬುರುಜುಗಳು ಕುಸಿದವು. 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕೋಟೆಯಲ್ಲಿ ಇಂದಿಗೂ ಸಾವಿರಾರು ಜನ ಸಂಸಾರ ಮಾಡುತ್ತಿದ್ದಾರೆ.

ಕೊಳಾಯಿ ಮೊದಲು, ಚರಂಡಿ ಮುಂದಿನ ವರ್ಷ: ಇಂಥ ಎಷ್ಟೋ ಅಂದಾಜುಪಟ್ಟಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಆ ಪುಡಿ ಅಂಗೈಯಲ್ಲಿದ್ದಾಗ ಅದು ನೆನಪಾಗಿ ಸಂಕಟವಾಯಿತು.

ಎದುರು ಮನೆಯ ಮುದುಕಿ ನೋಡುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ತಲೆಯ ಮೇಲೆ ಸಿಂಬೆಯಿಟ್ಟು ಗಡೀಸರಿನಿಂದ ದಿನಕ್ಕೆರಡು ಸಲ ಕೊಡ ಹೊತ್ತು ಹತ್ತುತ್ತಿದ್ದರಂತೆ. ಅವರ ಮುಂದೆ ನಿಂತು ನಲ್ಲಿ ಬರಬಾರದಿತ್ತು ಎನ್ನಲು ನನಗೆ ಬಾಯಿ ಬರಲಿಲ್ಲ. ಕೈ ತೊಳೆದುಕೊಳ್ಳಿ ಎಂದು ಕೆಳಗೊಂದು ಪರಾತ ಹಿಡಿದು, ಅರ್ಧ ಚೊಂಬು ನೀರು ಬಗ್ಗಿಸಿದರು. ಆ ನೀರನ್ನು ಹಾಗೇ ಒಯ್ದು ಬಾಗಿಲ ಬಳಿಯ ತುಳಸಿ ಕುಂಡಕ್ಕೆ ಸುರಿದರು.