ಮೇಕೋಂಬ್‌ನ ಹನ್ನೆರಡು ಕುರ್ಚಿಗಳು: ಹಾರ್ಪರ್ ಲೀ ಕಾದಂಬರಿಯಲ್ಲಿ ಕೇಳದೆ ಉಳಿದ ಪ್ರಶ್ನೆ

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕುರಿತ ಚರ್ಚೆ ಬಹುಮಟ್ಟಿಗೆ ಅಲಬಾಮಾದ ಕಲ್ಪಿತ ಊರು ಮೇಕೋಂಬ್‌ನ ವಕೀಲ ಆ್ಯಟಿಕಸ್ ಫಿಂಚ್‌ನ ಸುತ್ತ ಸುತ್ತಿದೆ. ಮೊದಲು ಅವನನ್ನು ವೃತ್ತಿಯ ಆದರ್ಶವೆಂದು ಕೊಂಡಾಡಿದರು. 1992ರಲ್ಲಿ ಕಾನೂನು ವಿದ್ವಾಂಸ ಮನ್ರೋ ಫ್ರೀಡ್‌ಮನ್ ಆ ಕೊಂಡಾಟವನ್ನೇ ಪ್ರಶ್ನಿಸಿದಾಗ ದೊಡ್ಡ ವಾಗ್ವಾದವೆದ್ದಿತು. ಈ ಲೇಖನದ ಆಸಕ್ತಿ ಆ್ಯಟಿಕಸ್‌ನ ಗುಣದೋಷಗಳಲ್ಲಿಲ್ಲ. ಅವನ ಎದುರಿಗೆ ಕುಳಿತ ಹನ್ನೆರಡು ಮಂದಿ ಜ್ಯೂರಿಗಳಲ್ಲಿ, ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಕೂರಲು ಬಿಡದವರಲ್ಲಿ ಇದೆ.

ಬಿಳಿಯ ಹುಡುಗಿ ಮಯೆಲ್ಲಾ ಯೂವೆಲ್ ಮೇಲೆ ಅತ್ಯಾಚಾರ ಮಾಡಿದನೆಂಬ ಆರೋಪ ಕಪ್ಪು ಕೂಲಿ ಟಾಮ್ ರಾಬಿನ್ಸನ್ ಮೇಲಿದೆ; ಅವನ ಪರ ವಾದಿಸುವವನು ಆ್ಯಟಿಕಸ್. ಸಾಕ್ಷ್ಯದ ಮಾತು ಬೇಗ ಮುಗಿಯುವಂಥದ್ದು. ಟಾಮ್ ರಾಬಿನ್ಸನ್‌ನ ಎಡಗೈ ಚಿಕ್ಕಂದಿನಲ್ಲೇ ಹತ್ತಿಯ ಜಿನ್ನಿಗೆ ಸಿಕ್ಕಿ ನಿಷ್ಪ್ರಯೋಜಕವಾಗಿದೆ. ಮಯೆಲ್ಲಾಳ ಮುಖಕ್ಕೆ ಪೆಟ್ಟು ಬಿದ್ದದ್ದು ಬಲಭಾಗದಲ್ಲಿ. ಅವಳ ಅಪ್ಪ ಬಾಬ್ ಯೂವೆಲ್ ಎಡಚ. ವೈದ್ಯರನ್ನು ಯಾರೂ ಕರೆಸಿಲ್ಲ. ಇಷ್ಟಾಗಿಯೂ ಟಾಮ್‌ನನ್ನು ಮುಳುಗಿಸುವುದು ಅವನೇ ಆಡಿದ ಮಾತು: ಆ ಹುಡುಗಿಯನ್ನು ಕಂಡು ಕನಿಕರವಾಯಿತು ಎಂದುಬಿಡುತ್ತಾನೆ. ಸರ್ಕಾರಿ ವಕೀಲ ಗಿಲ್ಮರ್ ಅದನ್ನೇ ಹಿಡಿದುಕೊಳ್ಳುತ್ತಾನೆ. ಕನಿಕರ ಮೇಲಿನಿಂದ ಕೆಳಗೆ ಹರಿಯಬೇಕಾದದ್ದು. ಕಪ್ಪು ಕೂಲಿಯೊಬ್ಬ ಬಿಳಿಯ ಹೆಣ್ಣಿಗೆ ಮರುಗಿದರೆ ಮೇಲುಕೀಳಿನ ಏಣಿಯೇ ತಿರುವುಮುರುವಾಗುತ್ತದೆ. ಯಾವ ಕಾನೂನು ಪುಸ್ತಕದಲ್ಲೂ ಇಲ್ಲದ ಈ ಅಪರಾಧವನ್ನು ಗುರುತಿಸಲು ಆ ಹನ್ನೆರಡು ಮಂದಿಗೆ ಯಾರ ವಿವರಣೆಯೂ ಬೇಕಾಗಲಿಲ್ಲ.

ಆ ಹನ್ನೆರಡು ಮಂದಿಯನ್ನು ಆರಿಸಿದ್ದು ಹೇಗೆ? ಇಲ್ಲಿ ಕಾದಂಬರಿಯ ಕಾಲಗಣನೆ ಮುಖ್ಯವಾಗುತ್ತದೆ. 1931ರಲ್ಲಿ ಅಲಬಾಮಾದ ಗೂಡ್ಸ್ ರೈಲಿನಲ್ಲಿ ಸಿಕ್ಕ ಒಂಬತ್ತು ಕಪ್ಪು ಹುಡುಗರ ಮೇಲೆ ಇಬ್ಬರು ಬಿಳಿಯ ಹೆಂಗಸರು ಅತ್ಯಾಚಾರದ ಆರೋಪ ಹೊರಿಸಿದ್ದರು. ಸ್ಕಾಟ್ಸ್‌ಬರೋ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ವಕೀಲ ಸ್ಯಾಮ್ಯುಯೆಲ್ ಲೀಬೋವಿಟ್ಸ್ ಆರೋಪವನ್ನಷ್ಟೇ ಅಲ್ಲ, ಜ್ಯೂರಿ ಪಟ್ಟಿಯನ್ನೇ ಪ್ರಶ್ನಿಸಿದರು. ಪಟ್ಟಿಯಲ್ಲಿ ಕಪ್ಪುಜನರ ಹೆಸರುಗಳನ್ನು ಆಮೇಲೆ ತುರುಕಲಾಗಿದೆ ಎಂದು ತೋರಿಸಲು ಆ ಪಟ್ಟಿಯ ಪುಸ್ತಕವನ್ನು ಸುಪ್ರೀಂ ಕೋರ್ಟಿಗೇ ಒಯ್ದರು. ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ನೋಡಿದರು. 1935ರ ಏಪ್ರಿಲ್ 1ರಂದು ‘ನಾರಿಸ್ ವಿರುದ್ಧ ಅಲಬಾಮಾ’ ತೀರ್ಪು ಬಂತು: ಬಣ್ಣದ ಕಾರಣಕ್ಕೆ ಜ್ಯೂರಿಯಿಂದ ಹೊರಗಿಡುವುದು ಸಂವಿಧಾನಬಾಹಿರ.

ಟಾಮ್‌ನ ವಿಚಾರಣೆ ನಡೆಯುವುದು ಅದೇ ಬೇಸಿಗೆಯಲ್ಲಿ. ಆ ಶರತ್ಕಾಲದಲ್ಲಿ ಅಂಗಡಿಗಳ ಕಿಟಕಿಯಿಂದ ರಾಷ್ಟ್ರೀಯ ಪುನಶ್ಚೇತನ ಕಾಯ್ದೆಯ ಫಲಕಗಳು ಮಾಯವಾದದ್ದನ್ನು ಆ್ಯಟಿಕಸ್‌ನ ಮಗಳು, ಕಥೆಯ ನಿರೂಪಕಿ ಸ್ಕೌಟ್ ಗಮನಿಸುತ್ತಾಳೆ. ಆ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1935ರ ಮೇ 27ರಂದು. ಅಂದರೆ ಮೇ ತಿಂಗಳ ತೀರ್ಪು ಮೇಕೋಂಬ್ ತಲುಪಿದೆ. ಅದೇ ನ್ಯಾಯಾಲಯದ, ಅಲಬಾಮಾವನ್ನೇ ಕುರಿತ, ಏಪ್ರಿಲ್ ತೀರ್ಪು ತಲುಪಿಲ್ಲ. ಲೇಖಕಿ ಸ್ವತಃ ಕಾನೂನು ಓದಿದವರು, ವಕೀಲರ ಮಗಳು. ಹಾಗಾಗಿ ಈ ಮೌನವನ್ನು ಕೇವಲ ಕೈತಪ್ಪು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಟಾಮ್ ಅಪರಾಧಿಯೆಂಬ ಜ್ಯೂರಿಯ ತೀರ್ಪಿನ ನಂತರ ಆ್ಯಟಿಕಸ್ ಮತ್ತು ಅವನ ಮಗ ಜೆಮ್ ನಡುವಿನ ಸಂಭಾಷಣೆಯಲ್ಲಿ ಈ ಮೌನ ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ. ಪೇಟೆಯ ಮರ್ಯಾದಸ್ಥರು ಜ್ಯೂರಿಯಿಂದ ಜಾರಿಕೊಳ್ಳುವುದು, ಮರಣದಂಡನೆಯ ಅಧಿಕಾರ ನ್ಯಾಯಾಧೀಶನಿಗಷ್ಟೇ ಇರಬೇಕೆಂಬುದು, ಹೆಂಗಸಾದ್ದರಿಂದ ನೆರೆಯ ಮಿಸ್ ಮೌಡಿ ಅಲ್ಲಿ ಕೂರುವಂತಿಲ್ಲ ಎಂಬುದು, ಎಲ್ಲವೂ ಬರುತ್ತವೆ. (ಅಲಬಾಮಾದಲ್ಲಿ ಹೆಂಗಸರಿಗೆ ಆ ಬಾಗಿಲು ತೆರೆದದ್ದು 1966ರಲ್ಲಿ.) ಕಪ್ಪುಜನ ಏಕಿಲ್ಲ ಎಂಬುದು ಮಾತ್ರ ಬರುವುದಿಲ್ಲ. ಆ ಆಕ್ಷೇಪ ಎತ್ತಿದ್ದರೂ ಟಾಮ್ ಉಳಿಯುತ್ತಿದ್ದನೆಂದು ಹೇಳಲಾಗದು. ಮೇಲ್ಮನವಿಗೆ ಒಂದು ನೆಲೆಯಾದರೂ ಸಿಗುತ್ತಿತ್ತು. ಅಷ್ಟರಲ್ಲಿ ಜೈಲಿನ ಬೇಲಿ ಹತ್ತುತ್ತಿದ್ದ ಟಾಮ್‌ಗೆ ಕಾವಲುಗಾರರು ಹದಿನೇಳು ಗುಂಡು ಹೊಡೆದಿರುತ್ತಾರೆ.

ಲೀ ಬೆಳೆದ ಮನ್ರೋವಿಲ್‌ನ ಚರಿತ್ರೆಯೂ ಇದಕ್ಕಿಂತ ಮೃದುವಲ್ಲ. ಆಕೆಯ ತಂದೆ ವಾದಿಸಿದ ಇಬ್ಬರು ಕಪ್ಪು ಕಕ್ಷಿದಾರರು ಗಲ್ಲಿಗೇರಿದ್ದರು. ಅದೇ ಊರಿನಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪು ಕಾರ್ಮಿಕನಿಗೆ ಬಿಳಿಯ ಹೆಂಗಸಿನ ಮೇಲಿನ ಅತ್ಯಾಚಾರದ ಆರೋಪದಲ್ಲಿ 1934ರಲ್ಲಿ ಮರಣದಂಡನೆಯಾಗಿ, ಬಳಿಕ ಜೀವಾವಧಿಗೆ ಇಳಿಯಿತು. ಇನ್ನೂ ಕುತೂಹಲದ ಸಂಗತಿಯೆಂದರೆ, ಮೊದಲು ಬರೆದು 2015ರಲ್ಲಿ ಪ್ರಕಟವಾದ ‘ಗೋ ಸೆಟ್ ಎ ವಾಚ್‌ಮನ್’ ಕೃತಿಯಲ್ಲಿ ಆ್ಯಟಿಕಸ್ ಇಂಥದೇ ಮೊಕದ್ದಮೆ ಗೆದ್ದಿರುತ್ತಾನೆ, ಜೊತೆಗೆ ವರ್ಣಭೇದ ಉಳಿಸಲು ಬಿಳಿಯರು ಕಟ್ಟಿದ ಸಿಟಿಜನ್ಸ್ ಕೌನ್ಸಿಲ್ ಸಭೆಯಲ್ಲೂ ಕೂರುತ್ತಾನೆ. ಮರುಬರಹದಲ್ಲಿ ವಕೀಲ ನಿಷ್ಕಳಂಕನಾದ, ಕಕ್ಷಿದಾರ ಸತ್ತ.

ಜ್ಯೂರಿ ಏನು ಮಾಡುತ್ತದೆಂಬುದು ನ್ಯಾಯಾಲಯದಲ್ಲಿ ಕಪ್ಪುಜನರಿಗೆಂದೇ ಇಟ್ಟ ಮೇಲಿನ ಬಾಲ್ಕನಿಗೆ ಮೊದಲೇ ಗೊತ್ತು. ಅಲ್ಲಿ ನಾಲ್ವರು ಎದ್ದು ಬಿಳಿಯ ಮಕ್ಕಳಿಗೆ ಮುಂದಿನ ಸಾಲು ಬಿಟ್ಟುಕೊಡುತ್ತಾರೆ. ಗೆದ್ದೆವೆಂದು ಹಿಗ್ಗುವ ಜೆಮ್‌ಗೆ ಕಪ್ಪುಜನರ ಚರ್ಚಿನ ಪಾದ್ರಿ ರೆವರೆಂಡ್ ಸೈಕ್ಸ್, ಬಿಳಿಯನ ಎದುರು ಕಪ್ಪು ಮನುಷ್ಯನ ಪರ ನಿಂತ ಜ್ಯೂರಿಯನ್ನು ತಾನು ಕಂಡೇ ಇಲ್ಲ ಎನ್ನುತ್ತಾರೆ. ಇಡೀ ಕಟ್ಟಡದಲ್ಲಿ ಅತ್ಯಂತ ಖಚಿತವಾದ ಕಾನೂನು ಜ್ಞಾನ ಅದು. ಕೆಳಗಿಳಿದು ಸಾಕ್ಷ್ಯವಾಗಲು ಅದಕ್ಕೆ ದಾರಿಯಿಲ್ಲ. ಕೊನೆಯಲ್ಲಿ ನೆರೆಮನೆಯ ಏಕಾಂತವಾಸಿ ಬೂ ರ್‍ಯಾಡ್ಲಿಯ ಕೈಯಲ್ಲಿ, ಆ್ಯಟಿಕಸ್‌ನ ಮಕ್ಕಳ ಮೇಲೆರಗಿದ ಯೂವೆಲ್ ಸತ್ತಾಗ, ಅವನು ತನ್ನ ಚೂರಿಯ ಮೇಲೆ ತಾನೇ ಬಿದ್ದನೆಂದು ಶೆರಿಫ್ ಹೆಕ್ ಟೇಟ್ ಪಟ್ಟಿಗೆ ಬೀಳುತ್ತಾನೆ, ಆ್ಯಟಿಕಸ್ ಒಪ್ಪುತ್ತಾನೆ. ಸಂಕೋಚದ ಬಿಳಿಯ ಮನುಷ್ಯನನ್ನು ಊರಿನ ಕಣ್ಣಿನಿಂದ ಕಾಪಾಡಲು ಹೂಡಿದ ಈ ಉಪಾಯದಿಂದಾಗಿ ಆ ಸಾವು ಯಾವ ಜ್ಯೂರಿಯ ಮುಂದೆಯೂ ಬರುವುದಿಲ್ಲ.