ಇಪ್ಪತ್ತನಾಲ್ಕೂವರೆ ಕುದುರೆಗಳ ‘ಹಿಮಾಲಯನ್’

ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ, ಚಂದ್ರಾ ಮತ್ತು ಭಾಗಾ ನದಿಗಳು ಕೂಡುವಲ್ಲಿ ತಾಂಡಿ ಎಂಬ ಸಣ್ಣ ಊರಿದೆ. ಅಲ್ಲಿನ ಪೆಟ್ರೋಲ್ ಬಂಕಿನ ಹತ್ತಿರ ವರ್ಷಗಟ್ಟಲೆ ನಿಂತಿದ್ದ ಒಂದು ಫಲಕದ ಫೋಟೊ ಲಡಾಖಿಗೆ ಬೈಕಿನಲ್ಲಿ ಹೋದ ಬಹುತೇಕ ಎಲ್ಲರ ಆಲ್ಬಮಿನಲ್ಲೂ ಸಿಗುತ್ತದೆ. ಮುಂದಿನ ಬಂಕ್ 365 ಕಿಲೋಮೀಟರ್ ದೂರದಲ್ಲಿದೆ ಎಂದು ಅದು ಹೇಳುತ್ತಿತ್ತು. ನಡುವೆ ಬಾರಾಲಾಚಾ ಲಾ ಬರುತ್ತದೆ, ಅದನ್ನು ದಾಟಿದ ಮೇಲೆ 5,328 ಮೀಟರ್ ಎತ್ತರದ ತಂಗ್ಲಂಗ್ ಲಾ ಬರುತ್ತದೆ. (‘ಲಾ’ ಎಂದರೆ ಅಲ್ಲಿಯ ಮಾತಿನಲ್ಲಿ ಕಣಿವೆದಾರಿ, ನಮ್ಮ ಘಟ್ಟದ ಬಾಯಿ ಇದ್ದ ಹಾಗೆ.) ಹಿಮ ಕರಗಿದ ನೀರು ಮಧ್ಯಾಹ್ನದ ಹೊತ್ತಿಗೆ ರಸ್ತೆಯ ಮೇಲೆ ಹಳ್ಳವಾಗಿ ಹರಿಯುತ್ತದೆ. ಆ ಫಲಕ ನೋಡಿದವರು ಬುಲೆಟ್ಟಿನ ಟ್ಯಾಂಕ್ ತುಂಬಿಸಿ, ಸಾಲದ್ದಕ್ಕೆ ಐದು ಲೀಟರಿನ ಕ್ಯಾನುಗಳನ್ನು ಹಗ್ಗದಿಂದ ಹಿಂದೆ ಬಿಗಿದುಕೊಂಡು ಹೊರಡುತ್ತಿದ್ದರು.

2016ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ‘ಹಿಮಾಲಯನ್’ ಎಂಬ ಹೊಸ ಗಾಡಿ ತಂದಾಗ ಅದರ ಟ್ಯಾಂಕಿಗೆ ಹಿಡಿಯುತ್ತಿದ್ದುದು 15 ಲೀಟರ್, ಬುಲೆಟ್ಟಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚೇನಲ್ಲ. ಆದರೆ ಟ್ಯಾಂಕಿನ ಎರಡೂ ಬದಿಗೆ ಕಬ್ಬಿಣದ ಚೌಕಟ್ಟುಗಳಿದ್ದವು. ಕ್ಯಾನು ಕಟ್ಟುವುದಕ್ಕೇ ಮಾಡಿದ ಜಾಗ ಅದು. ಹಗ್ಗ ಕಟ್ಟಿಕೊಂಡು ಹೋಗುತ್ತಿದ್ದವರನ್ನು ಯಾರೋ ಕೂತು ಗಮನಿಸಿ ನಕ್ಷೆ ಬಿಡಿಸಿದ್ದರೆಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಆ ಗಾಡಿಯ ಇಡೀ ಕಥೆ ಹೀಗೆಯೇ. ಅದರ ಅಂಕಿಗಳನ್ನು ಬೇರೆ ಗಾಡಿಗಳ ಅಂಕಿಗಳ ಪಕ್ಕದಲ್ಲಿಟ್ಟರೆ ಬಡವಾಗಿ ಕಾಣುತ್ತವೆ, ಒಂದು ನಿರ್ದಿಷ್ಟ ರಸ್ತೆಯ ಪಕ್ಕದಲ್ಲಿಟ್ಟರೆ ಅರ್ಥ ಬರುತ್ತದೆ.

‘ಅಡ್ವೆಂಚರ್ ಟೂರರ್’ ಎಂಬ ಜಾತಿಯ ಮೋಟಾರ್‌ಸೈಕಲ್ಲಿಗೆ ನಲವತ್ತು ವರ್ಷ ದಾಟಿದ ವಯಸ್ಸು. 1980ರಲ್ಲಿ ಬಿಎಂಡಬ್ಲ್ಯು ಕಂಪನಿ ‘ಆರ್ 80 ಜಿ/ಎಸ್’ ಎಂಬ ಗಾಡಿಯನ್ನು ಹೊರತಂದಿತು. ಜಿ ಮತ್ತು ಎಸ್ ಎಂದರೆ ಜರ್ಮನ್ ಭಾಷೆಯಲ್ಲಿ ಕಾಡುದಾರಿ ಮತ್ತು ರಸ್ತೆ. 797 ಸಿಸಿಯ ಎಂಜಿನ್, 50 ಅಶ್ವಶಕ್ತಿ, 186 ಕೆ.ಜಿ. ತೂಕ. ಮರುವರ್ಷವೇ ಹ್ಯೂಬರ್ ಓರಿಯೊಲ್ ಇದೇ ಜಾತಿಯ ಗಾಡಿಯಲ್ಲಿ ಪ್ಯಾರಿಸ್–ಡಕಾರ್ ರ‍್ಯಾಲಿ ಗೆದ್ದ. ಅಲ್ಲಿಂದ ಶುರುವಾಯಿತು ಅಂಕಿಗಳ ಓಟ. ಅದೇ ವಂಶದ 2023ರ ‘ಆರ್ 1300 ಜಿಎಸ್’ ಗಾಡಿಗೆ 145 ಅಶ್ವಶಕ್ತಿ, 237 ಕೆ.ಜಿ. ತೂಕ. ಕೆಸರಿನಲ್ಲಿ ಬಿದ್ದರೆ ಒಬ್ಬನೇ ಎತ್ತುವುದು ಹುಡುಗಾಟದ ಮಾತಲ್ಲ.

ಭಾರತದಲ್ಲಿ ಆ ಜಾತಿಯೇ ಇರಲಿಲ್ಲ ಎನ್ನಬೇಕು. 2011ರಲ್ಲಿ ಹೀರೊ ಕಂಪನಿ 150 ಸಿಸಿಯ ‘ಇಂಪಲ್ಸ್’ ತಂದಿತು. ಎತ್ತರದ, ಕಡ್ಡಿಕಾಲಿನ, ಒಳ್ಳೆಯ ಗಾಡಿ. ಜನ ಕೊಳ್ಳಲಿಲ್ಲ, ಅದು ನಿಂತುಹೋಯಿತು. ಬೆಟ್ಟ ಹತ್ತುವವರು ಬುಲೆಟ್ಟನ್ನೇ ಹತ್ತಿಸುತ್ತಿದ್ದರು. ಅದಕ್ಕೂ ಒಂದು ಚರಿತ್ರೆಯಿದೆ. ಗಡಿ ಗಸ್ತಿಗೆಂದು ಭಾರತೀಯ ಸೇನೆ ಈ ಗಾಡಿಯನ್ನು ಆರಿಸಿಕೊಂಡಿತ್ತು, ಅದರ ಬೇಡಿಕೆಯಿಂದಾಗಿಯೇ 1955ರಲ್ಲಿ ಇಂಗ್ಲೆಂಡಿನ ಕಂಪನಿ ಮದ್ರಾಸ್ ಮೋಟರ್ಸ್ ಜತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ಮುಂದೆ ಇಂಗ್ಲೆಂಡಿನ ಮೂಲ ಕಂಪನಿ ಮುಚ್ಚಿಹೋದರೂ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಬುಲೆಟ್ ತಯಾರಾಗುತ್ತಲೇ ಇತ್ತು. 1994ರಲ್ಲಿ ಐಷರ್ ಸಮೂಹದ ಕೈ ಸೇರಿತು. ಹಾಗೆ ನೋಡಿದರೆ ಹಿಮಾಲಯದ ಹೆಸರು ಹೊತ್ತ ಈ ಗಾಡಿ ಹುಟ್ಟಿದ್ದು ಸಮುದ್ರದ ಮಟ್ಟದಲ್ಲಿ, ಚೆನ್ನೈನ ಸೆಕೆಯಲ್ಲಿ.

ಬುಲೆಟ್ ಬೆಟ್ಟಕ್ಕೆ ಹೇಳಿ ಮಾಡಿಸಿದ ಗಾಡಿಯಲ್ಲ. ಕೆಳಮಟ್ಟದಲ್ಲಿ ಕೂತ ಎಂಜಿನ್, ಕಲ್ಲಿಗೆ ತಾಗುವ ಹೊಟ್ಟೆ, ಗುಂಡಿಗೆ ಬಿದ್ದರೆ ಬೆನ್ನುಮೂಳೆಗೇ ಸುದ್ದಿ ಮುಟ್ಟಿಸುವ ಸಸ್ಪೆನ್ಷನ್. ಆದರೂ ಹೋಗುತ್ತಿತ್ತು, ಕೆಟ್ಟು ನಿಂತರೆ ಲಾರಿ ಮೆಕ್ಯಾನಿಕ್ ಕೂಡ ರಿಪೇರಿ ಮಾಡುತ್ತಿದ್ದ. ಆ ಗುಣವನ್ನು ಉಳಿಸಿಕೊಂಡು ಉಳಿದ ಎಲ್ಲವನ್ನೂ ಹೊಸದಾಗಿ ಮಾಡುವುದು ಹಿಮಾಲಯನ್‌ನ ಹಿಂದಿದ್ದ ಲೆಕ್ಕ.

ಎಂಜಿನ್ನಿನ ಹೆಸರು ‘ಎಲ್‌ಎಸ್ 410’, ಅಂದರೆ ‘ಲಾಂಗ್ ಸ್ಟ್ರೋಕ್’. ಸಿಲಿಂಡರಿನ ಅಗಲ 78 ಮಿ.ಮೀ., ಪಿಸ್ಟನ್ ಓಡಾಡುವ ಉದ್ದ 86 ಮಿ.ಮೀ., ಒಟ್ಟು 411 ಸಿಸಿ. ಅಗಲಕ್ಕಿಂತ ಉದ್ದ ಹೆಚ್ಚಿರುವ ಎಂಜಿನ್ ವೇಗವಾಗಿ ತಿರುಗಲು ಒಲ್ಲೆ ಎನ್ನುತ್ತದೆ, ಆದರೆ ನಿಧಾನವಾಗಿ ತಿರುಗುವಾಗಲೇ ಜಗ್ಗುವ ಶಕ್ತಿ ಕೊಡುತ್ತದೆ. ಇದರ 32 ನ್ಯೂಟನ್ ಮೀಟರ್ ಟಾರ್ಕ್ ಸಿಗುತ್ತಿದ್ದುದು ನಿಮಿಷಕ್ಕೆ 4,000ದಿಂದ 4,500 ಸುತ್ತುಗಳ ನಡುವೆ. ಗರಿಷ್ಠ ಶಕ್ತಿ ಬರೀ 24.5 ಅಶ್ವಶಕ್ತಿ, ಅದೂ 6,500 ಸುತ್ತಿನಲ್ಲಿ. ಐದೇ ಗೇರು. ತಂಪು ಮಾಡಲು ಗಾಳಿ, ಜತೆಗೊಂದು ಆಯಿಲ್ ಕೂಲರ್. ಮುಂದಿನ ಚಕ್ರ 21 ಇಂಚು, ಹಿಂದಿನದು 17. ಎರಡಕ್ಕೂ ಕಡ್ಡಿಗಳು, ಒಳಗೆ ಟ್ಯೂಬು. ನೆಲದಿಂದ ಹೊಟ್ಟೆಗೆ 220 ಮಿ.ಮೀ. ಅಂತರ. ಮುಂದಿನ ಸಸ್ಪೆನ್ಷನ್ 200 ಮಿ.ಮೀ.ವರೆಗೆ ಕುಗ್ಗುತ್ತಿತ್ತು, ಹಿಂದಿನದು 180. ಬುಲೆಟ್ಟಿನ ಜೋಡಿ ಶಾಕ್ ಅಬ್ಸಾರ್ಬರುಗಳ ಜಾಗಕ್ಕೆ ಒಂದೇ ‘ಮೊನೊಶಾಕ್’ ಬಂದಿತ್ತು. ಫ್ರೇಮ್ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಸಂಸ್ಥೆಯವರ ಕೆಲಸ. ಮೀಟರಿನ ಮುಖದಲ್ಲಿ ದಿಕ್ಸೂಚಿ, ಹೊರಗಿನ ತಾಪಮಾನ. ಆಯಿಲ್ ಬದಲಿಸುವುದು 10,000 ಕಿಲೋಮೀಟರಿಗೊಮ್ಮೆ. ಸೀಟಿನ ಎತ್ತರ 800 ಮಿ.ಮೀ. ಮಾತ್ರ. ಈ ಕೊನೆಯ ಅಂಕಿಯೇ ಬಹುಶಃ ಎಲ್ಲಕ್ಕಿಂತ ಮುಖ್ಯ. ಈ ಜಾತಿಯ ಗಾಡಿಗಳೆಂದರೆ ಆರಡಿ ಎತ್ತರದವರ ಸ್ವತ್ತು ಎಂಬಂತಿದ್ದ ಕಾಲದಲ್ಲಿ, ಐದೂವರೆ ಅಡಿಯ ಗಂಡಸೋ ಹೆಂಗಸೋ ಹಳ್ಳದ ನಡುವೆ ನಿಂತು ಎರಡೂ ಕಾಲು ಊರಬಹುದಾದ ಗಾಡಿ ಇದಾಗಿತ್ತು.

ಬೆಲೆ ಸುಮಾರು ಒಂದೂವರೆ ಲಕ್ಷ. ನೋಡಲು ಚೆಂದವೇನೂ ಇರಲಿಲ್ಲ. ಎಲ್ಲೋ ಮಿಲಿಟರಿ ಗೋದಾಮಿನಿಂದ ಎತ್ತಿಕೊಂಡು ಬಂದ ಹಾಗಿತ್ತು. ನಾನೂರು ಸಿಸಿಗೆ ಇಪ್ಪತ್ತನಾಲ್ಕೂವರೆ ಕುದುರೆಯೇ ಎಂದು ನಕ್ಕವರು ಬಹಳ ಜನ. ಅದಕ್ಕಿಂತ ಚಿಕ್ಕ ಎಂಜಿನ್ನಿನಲ್ಲಿ ನಲವತ್ತರ ಮೇಲೆ ಶಕ್ತಿ ತೆಗೆಯುವ ಗಾಡಿಗಳು ಆಗಲೇ ಪುಣೆಯಲ್ಲಿ ತಯಾರಾಗುತ್ತಿದ್ದವು. ಹೆದ್ದಾರಿಯಲ್ಲಿ ನೂರು ದಾಟಿದ ಮೇಲೆ ಹಿಮಾಲಯನ್ ಏದುಸಿರು ಬಿಡುತ್ತಿದ್ದುದೂ ನಿಜ.

ಆದರೆ ಗಾಳಿಯ ಲೆಕ್ಕ ಬೇರೆ. ಲೇಹ್‌ನಿಂದ ನುಬ್ರಾಕ್ಕೆ ಹೋಗುವ ದಾರಿಯಲ್ಲಿ ಖರ್ದೂಂಗ್ ಲಾ ಇದೆ. ಅಲ್ಲಿನ ಫಲಕ 18,380 ಅಡಿ ಎಂದು ಹೆಮ್ಮೆಯಿಂದ ಸಾರುತ್ತಿತ್ತು. ಉಪಗ್ರಹದ ನೆರವಿನಿಂದ ಅಳೆದವರಿಗೆ ಸಿಕ್ಕಿದ್ದು 17,582 ಅಡಿ, ಅಂದರೆ 5,359 ಮೀಟರ್. ಉತ್ಪ್ರೇಕ್ಷೆ ಬಿಟ್ಟರೂ ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸರಿಸುಮಾರು ಅರ್ಧ. ಎಂಜಿನ್ನಿಗೆ ಸಿಗುವ ಆಮ್ಲಜನಕವೂ ಅರ್ಧ, ಶಕ್ತಿಯೂ ಅರ್ಧ. ಮನುಷ್ಯನಿಗೆ ಅಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುವುದೂ ಇದೇ ಕಾರಣಕ್ಕೆ. ಮೊದಲ ಹಿಮಾಲಯನ್‌ಗಳಲ್ಲಿ ಇದ್ದದ್ದು ಕಾರ್ಬ್ಯುರೇಟರ್. ಅದಕ್ಕೆ ಗಾಳಿ ತೆಳುವಾದದ್ದು ಗೊತ್ತಾಗುವುದಿಲ್ಲ, ಪೆಟ್ರೋಲನ್ನು ಮೊದಲಿನ ಧಾರಾಳದಲ್ಲೇ ಕೊಡುತ್ತದೆ. ಸುಡದ ಪೆಟ್ರೋಲಿನಿಂದ ಪ್ಲಗ್ ಕಪ್ಪಾಗುತ್ತದೆ, ಗಾಡಿ ಕೆಮ್ಮುತ್ತದೆ. ಅಂಥಲ್ಲಿ ಸುತ್ತು ಹೆಚ್ಚಿದರೆ ಮಾತ್ರ ಶಕ್ತಿ ಕೊಡುವ ಎಂಜಿನ್ ಕೈಕೊಡುತ್ತದೆ. ಕಡಿಮೆ ಸುತ್ತಿನಲ್ಲೂ ಗುದ್ದಾಡಿಕೊಂಡು ಹತ್ತುವ ಲಾಂಗ್ ಸ್ಟ್ರೋಕ್ ಎಂಜಿನ್, ಅರ್ಧ ಉಸಿರಿನಲ್ಲೂ ಮೊದಲ ಗೇರಿನಲ್ಲಿ ಸವಾರನನ್ನು ಮೇಲೆ ತಲುಪಿಸುತ್ತದೆ.

ಗಾಡಿಯ ಕಲ್ಪನೆ ಒಳ್ಳೆಯದಿದ್ದರೂ ಮೊದಲ ತಂಡದ ತಯಾರಿ ಅಷ್ಟು ಚೆನ್ನಾಗಿರಲಿಲ್ಲ. ಎಂಜಿನ್ನಿನ ಸದ್ದು, ಕ್ಲಚ್, ಚಳಿಯಲ್ಲಿ ಸ್ಟಾರ್ಟ್ ಆಗದಿರುವುದು, ಹೀಗೆ ದೂರುಗಳು ಬಂದವು. 2017ರ ಏಪ್ರಿಲ್‌ನಿಂದ ಬಿಎಸ್4 ನಿಯಮ ಜಾರಿಯಾದಾಗ ಕಾರ್ಬ್ಯುರೇಟರಿನ ಗಾಡಿ ಅಂಗಡಿಯಿಂದಲೇ ಮರೆಯಾಯಿತು. ಅದೇ ವರ್ಷ ಫ್ಯೂಯಲ್ ಇಂಜೆಕ್ಷನ್‌ನೊಂದಿಗೆ ವಾಪಸು ಬಂತು. ಕಂಪನಿಗೆ ಸಿಕ್ಕ ಎರಡನೇ ಅವಕಾಶ ಅದು, ಬಳಸಿಕೊಂಡಿತು. ಒಂದು ಮಾತು ಇಲ್ಲಿ ಹೇಳಬೇಕು: ಇಂಜೆಕ್ಷನ್ ಬಂದರೆ ಬೆಟ್ಟದ ಮೇಲೆ ಶಕ್ತಿ ಕಡಿಮೆಯಾಗುವುದಿಲ್ಲ ಎಂದು ನಂಬಿದವರಿದ್ದಾರೆ. ಹಾಗೇನಿಲ್ಲ. ಸೆನ್ಸರ್ ತೆಳು ಗಾಳಿಯನ್ನು ಗುರುತಿಸಿ ಪೆಟ್ರೋಲನ್ನು ಅದಕ್ಕೆ ತಕ್ಕಷ್ಟು ಇಳಿಸುತ್ತದೆ, ಕೆಮ್ಮು ನಿಲ್ಲುತ್ತದೆ. ಇಲ್ಲದ ಆಮ್ಲಜನಕವನ್ನು ಯಾವ ಕಂಪ್ಯೂಟರೂ ತರಲಾರದು.

2018ರಲ್ಲಿ ಎಬಿಎಸ್ ಬಂತು. 2020ರ ಬಿಎಸ್6 ಮಾದರಿಯಲ್ಲಿ ಹಿಂದಿನ ಚಕ್ರದ ಎಬಿಎಸ್ ಆರಿಸುವ ಗುಂಡಿಯೂ ಬಂತು. ಜಲ್ಲಿಯ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಮತ್ತೆ ಮತ್ತೆ ಸಡಿಲಿಸಿ ಗಾಡಿಯನ್ನು ನಿಲ್ಲಗೊಡುವುದಿಲ್ಲ, ಹಿಂದಿನ ಚಕ್ರ ಲಾಕ್ ಆಗಿ ಜಾರಿದರೇ ಒಳ್ಳೆಯದು ಎಂಬುದು ಬೆಟ್ಟದ ಸವಾರರ ಅನುಭವ. ಪ್ರತಿ ಸೇರ್ಪಡೆಗೂ ತೂಕ ಏರಿತು. ಆರಂಭದಲ್ಲಿ 182 ಕೆ.ಜಿ. ಎಂದಿದ್ದದ್ದು 199ಕ್ಕೆ ಮುಟ್ಟಿತು. 2020ರಲ್ಲೇ ಬ್ರಿಟನ್, ಯುರೋಪ್ ಮತ್ತು ಕೊರಿಯಾದಲ್ಲಿ ಕಂಪನಿಯ ಮೂರು ಮಾದರಿಗಳ ಸುಮಾರು 15,200 ಗಾಡಿಗಳನ್ನು ವಾಪಸು ಕರೆಸಬೇಕಾಯಿತು. ಅವುಗಳಲ್ಲಿ ಹಿಮಾಲಯನ್ ಕೂಡ ಇತ್ತು. ಚಳಿಗಾಲದಲ್ಲಿ ಮಂಜು ಕರಗಿಸಲು ಅಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಆ ಉಪ್ಪು ಬ್ರೇಕ್ ಕ್ಯಾಲಿಪರ್ ತಿನ್ನುತ್ತಿತ್ತು. ಖರ್ದೂಂಗ್ ಲಾ ಹತ್ತಿದ ಗಾಡಿ ಲಂಡನ್ನಿನ ಉಪ್ಪಿಗೆ ಸೋತಿತು.

ಮರುವರ್ಷ, 2021ರ ಡಿಸೆಂಬರ್ 16ರಂದು ಎರಡು ಹಿಮಾಲಯನ್‌ಗಳು ದಕ್ಷಿಣ ಧ್ರುವ ತಲುಪಿದವು. ಚೈನಿನ ಮುಂದಿನ ಹಲ್ಲುಚಕ್ರ 15ರಿಂದ 13 ಹಲ್ಲಿಗೆ ಇಳಿದಿತ್ತು, ಟೈರಿಗೆ ಮೊಳೆಗಳಿದ್ದವು, ಬಿಸಿಬಟ್ಟೆಗೆ ವಿದ್ಯುತ್ ಕೊಡಲು ದೊಡ್ಡ ಆಲ್ಟರ್ನೇಟರ್ ಇತ್ತು. ಎಂಜಿನ್ ಅದೇ ಇಪ್ಪತ್ತನಾಲ್ಕೂವರೆಯದು. ಜಾಹೀರಾತಿಗಾಗಿ ಮಾಡಿದ ಸಾಹಸ ಎನ್ನಬಹುದು, ಆದರೆ ಧ್ರುವ ಜಾಹೀರಾತು ನೋಡಿ ರಿಯಾಯಿತಿ ಕೊಡುವುದಿಲ್ಲ.

ಅಷ್ಟರಲ್ಲಿ ಪೈಪೋಟಿಗೆ ಬಂದವರು ಅನೇಕರು. 2018ರಲ್ಲಿ ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿ ತಯಾರಾದ ಬಿಎಂಡಬ್ಲ್ಯು ‘ಜಿ 310 ಜಿಎಸ್’, 2019ರಲ್ಲಿ ಹೀರೊ ‘ಎಕ್ಸ್‌ಪಲ್ಸ್ 200’, ಮರುವರ್ಷ ಕೆಟಿಎಂ ‘390 ಅಡ್ವೆಂಚರ್’. 2022ರ ಜನವರಿಯಲ್ಲಿ ಬಂದ 334 ಸಿಸಿಯ ‘ಯೆಜ್ಡಿ ಅಡ್ವೆಂಚರ್’ ಗಾಡಿಯ ಹೆಸರು ಮೈಸೂರಿನದು. 1961ರಲ್ಲಿ ಅಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತ್ತು. ಹೆಸರು ಮರಳಿ ಬಂತು, ಕಾರ್ಖಾನೆ ಬರಲಿಲ್ಲ. ಇವರೆಲ್ಲರನ್ನೂ ಪತ್ರಿಕೆಗಳು ಹಿಮಾಲಯನ್ ಪಕ್ಕದಲ್ಲಿಟ್ಟೇ ಅಳೆದವು. ಯಾರೂ ಕೇಳದ ಜಾತಿಯೊಂದನ್ನು ನಗಿಸಿಕೊಂಡ ಗಾಡಿಯೇ ಇಲ್ಲಿ ನೆಲೆಗೊಳಿಸಿತ್ತು.

2023ರ ನವೆಂಬರಿನಲ್ಲಿ ಬಂದ ಹಿಮಾಲಯನ್ 450 ಹೆಸರೊಂದನ್ನು ಬಿಟ್ಟರೆ ಬೇರೆಯೇ ಗಾಡಿ. 452 ಸಿಸಿ, ಸಿಲಿಂಡರಿನ ಅಗಲ 84 ಮಿ.ಮೀ., ಸ್ಟ್ರೋಕ್ 81.5. ಅನುಪಾತವೇ ತಿರುಗುಮುರುಗು. 8,000 ಸುತ್ತಿನಲ್ಲಿ ಸುಮಾರು 39.5 ಅಶ್ವಶಕ್ತಿ, 5,500ರಲ್ಲಿ 40 ನ್ಯೂಟನ್ ಮೀಟರ್ ಟಾರ್ಕ್. ಆರು ಗೇರು, ನೀರಿನಿಂದ ತಂಪಾಗುವ ಎಂಜಿನ್, 17 ಲೀಟರ್ ಟ್ಯಾಂಕ್, ಮೀಟರಿನಲ್ಲೇ ಗೂಗಲ್ ಮ್ಯಾಪ್. ಇಷ್ಟಾಗಿಯೂ ತೂಕ 196 ಕೆ.ಜಿ., ಹಳೆಯದಕ್ಕಿಂತ ಮೂರು ಕಡಿಮೆ. ಎಂಜಿನ್ನಿಗೆ ‘ಶೆರ್ಪಾ’ ಎಂದು ಹೆಸರು. ಸೀಟು ಮಾತ್ರ 825 ಮಿ.ಮೀ.ಗೆ ಏರಿತು.

ಹೊಸದು ಹೆಚ್ಚು ಸಮರ್ಥ ಗಾಡಿ, ಅನುಮಾನವಿಲ್ಲ. ಚೆನ್ನೈನಿಂದ ಲೇಹ್‌ಗೆ ಹೋಗುವವರಿಗೆ ಬೆಟ್ಟಕ್ಕಿಂತ ಮೊದಲು ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಹೆದ್ದಾರಿಯಿದೆ, ಅಲ್ಲಿ ಹಳೆಯದು ಅವರ ತಾಳ್ಮೆ ತಿನ್ನುತ್ತಿತ್ತು. ಮೇಲಿನ ಗಾಳಿಯ ಲೆಕ್ಕವನ್ನೇ ಇದಕ್ಕೂ ಹಾಕಿ ನೋಡಬಹುದು. ಖರ್ದೂಂಗ್ ಲಾದಲ್ಲಿ 39.5ರ ಅರ್ಧವೆಂದರೆ ಸುಮಾರು ಇಪ್ಪತ್ತು. ಹಳೆಯ ಗಾಡಿಗೆ ಚೆನ್ನೈನ ಕಡಲತೀರದಲ್ಲಿ ಇದ್ದಷ್ಟೂ ಇಲ್ಲ, ಆದರೆ ಅದಕ್ಕೆ ಅದೇ ಕಣಿವೆದಾರಿಯಲ್ಲಿ ಉಳಿಯುತ್ತಿದ್ದ ಹನ್ನೆರಡಕ್ಕಿಂತ ಎಷ್ಟೋ ಮೇಲು. ಕಳೆದುಕೊಂಡದ್ದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಗಾಳಿಯಿಂದ ತಂಪಾಗುವ ಎಂಜಿನ್ನಿಗೆ ರೇಡಿಯೇಟರ್ ಒಡೆಯುವ ಭಯವಿಲ್ಲ, ತಂತಿಯಿಂದ ಎಳೆಯುವ ಆಕ್ಸಿಲರೇಟರ್ ಕಿತ್ತುಹೋದರೆ ಇನ್ನೊಂದು ತಂತಿ ಸಾಕು. 450ರಲ್ಲಿ ಆಕ್ಸಿಲರೇಟರ್ ಕೂಡ ಎಲೆಕ್ಟ್ರಾನಿಕ್. ಅದು ಕೈಕೊಟ್ಟರೆ ಲಾರಿ ಮೆಕ್ಯಾನಿಕ್ ಮಾಡಬಹುದಾದದ್ದು ಹೆಚ್ಚೇನಿಲ್ಲ.

ರಸ್ತೆಯೂ ಸುಮ್ಮನೆ ಕೂತಿರಲಿಲ್ಲ. 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ರೋಹ್ತಾಂಗ್‌ನ ಕೆಸರನ್ನು ಪ್ರಯಾಣದಿಂದಲೇ ತೆಗೆದುಹಾಕಿ ದಾರಿಯನ್ನು ಸುಮಾರು 46 ಕಿಲೋಮೀಟರ್ ಕಡಿಮೆ ಮಾಡಿತು. ಒಂದು ಕಾಲಕ್ಕೆ ಇಡೀ ದಿನ ನುಂಗುತ್ತಿದ್ದ ತುಣುಕು ಈಗ ದೀಪ ಹಚ್ಚಿಕೊಂಡು ದಾಟುವ ಕೆಲವೇ ನಿಮಿಷಗಳ ಮಾತು. ದಾರಿ ನುಣುಪಾದಷ್ಟೂ ವೇಗದ ಗಾಡಿಗೆ ನ್ಯಾಯ ಹೆಚ್ಚು.

411 ಸಿಸಿಯ ಹಿಮಾಲಯನ್ ಭಾರತದ ಮಳಿಗೆಗಳಿಂದ ಹೊರಟಿತು. ಎಂಜಿನ್ ಮಾತ್ರ ಹೋಗಲಿಲ್ಲ. 2025ರ ಜನವರಿಯಲ್ಲಿ ಬಂದ ‘ಸ್ಕ್ರ್ಯಾಮ್ 440’ ಎಂಬ ಗಾಡಿಯೊಳಗೆ ಅದೇ 86 ಮಿ.ಮೀ. ಸ್ಟ್ರೋಕ್ ಇದೆ. ಅಗಲವನ್ನು 81ಕ್ಕೆ ಹಿಗ್ಗಿಸಿ, ಆರನೆಯ ಗೇರೊಂದನ್ನು ಸೇರಿಸಿದ್ದಾರೆ. ಈಗ ಅದರ ಶಕ್ತಿ 25.4. ಒಂಬತ್ತು ವರ್ಷಗಳಲ್ಲಿ ಸೇರಿದ್ದು ಹೆಚ್ಚುಕಡಿಮೆ ಒಂದು ಕುದುರೆ.